ಜೇನುತುಪ್ಪದ ಬಾಟಲಿ: ಲೀಟರಿನ ಲೆಕ್ಕವೇ, ಕಿಲೋಗ್ರಾಂ ಲೆಕ್ಕವೇ?

ಮಲೆನಾಡಿನ ಜೇನು ವ್ಯಾಪಾರಿಯೊಬ್ಬರ ವಾರ್ಷಿಕ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತಿದ್ದಾಗ ದಾಸ್ತಾನಿನಲ್ಲಿ 160 ಕಿ.ಗ್ರಾಂ ಜೇನುತುಪ್ಪದ ಕೊರತೆ ಕಂಡುಬಂದಿತು. ಖರೀದಿ 560 ಕಿ.ಗ್ರಾಂ, ಮಾರಾಟ 400 ಬಾಟಲಿ, ಪುಸ್ತಕದಲ್ಲಿ ಬಾಟಲಿಯೊಂದಕ್ಕೆ ಒಂದು ಕಿಲೋಗ್ರಾಂ. ಗೋದಾಮು ಮಾತ್ರ ಬರಿದು. ಹಲವು ವರ್ಷಗಳಿಂದ ಬಾಟಲಿ ತುಂಬಿಸುತ್ತಿದ್ದ ಕೆಲಸಗಾರನ ಮೇಲೆ ಮಾಲೀಕರಿಗೆ ಸಂಶಯ ಮೂಡಿತ್ತು. ಆತನನ್ನು ಬಿಡಿಸುವ ಮಾತೂ ನಡೆದಿತ್ತು.

ಚಿಲ್ಲರೆ ಅಂಗಡಿಯಿಂದ ಒಂದು ಬಾಟಲಿಯನ್ನು ತರಿಸಿ ತೂಗಿದೆವು. ಖಾಲಿ ಬಾಟಲಿಯ ತೂಕವನ್ನು ಕಳೆದ ಮೇಲೆ ಸುಮಾರು 1,400 ಗ್ರಾಂ ಉಳಿಯಿತು. ಅದು ಒಂದು ಲೀಟರಿನ ಬಾಟಲಿ. ನೀರು ಲೀಟರಿಗೆ ಒಂದು ಕಿಲೋಗ್ರಾಂ ತೂಗಿದರೆ, ಜೇನುತುಪ್ಪ ಸುಮಾರು 1.4 ಕಿ.ಗ್ರಾಂ ತೂಗುತ್ತದೆ. 'ಕಳುವಾದ' ಜೇನು ಗ್ರಾಹಕರ ಮನೆ ಸೇರಿತ್ತು!

ಕಿಲೋಗ್ರಾಂಗೆ 300 ರೂ.ನಂತೆ ಕೊಂಡು, 'ಒಂದು ಕಿಲೋ' ಎಂದು 450 ರೂ.ಗೆ ಮಾರಿದರೆ 150 ರೂ. ಲಾಭವೆಂದು ತೋರುತ್ತದೆ. ಆದರೆ ಬಾಟಲಿಯೊಳಗಿನ ಜೇನಿನ ನಿಜವಾದ ವೆಚ್ಚ 420 ರೂ. ಉಳಿದ 30 ರೂ.ನಲ್ಲಿ ಬಾಟಲಿ, ಮುಚ್ಚಳ, ಲೇಬಲ್, ಕೂಲಿ ಹಾಗೂ ಸಾಗಣೆಯ ವೆಚ್ಚವನ್ನು ಭರಿಸುವುದು ಸಾಧ್ಯವೇ? ಮಾರಾಟ ಹೆಚ್ಚಿದಷ್ಟೂ ನಷ್ಟ ಹೆಚ್ಚುತ್ತದೆ.

ಈ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು, 2011ರ ಪ್ರಕಾರ ಘನ, ಅರೆಘನ ಹಾಗೂ ಸ್ನಿಗ್ಧ ಪದಾರ್ಥಗಳ ನಿವ್ವಳ ಪ್ರಮಾಣವನ್ನು ತೂಕದಲ್ಲಿಯೇ ನಮೂದಿಸಬೇಕು. ದ್ರವಗಳಿಗೆ ಮಾತ್ರ ಗಾತ್ರದ ಅಳತೆ. ಜೇನುತುಪ್ಪವನ್ನು ಸುರಿಯಬಹುದಾದರೂ ಅದು ಸ್ನಿಗ್ಧ ಪದಾರ್ಥವೇ ಆಗಿದೆ. ಆದ್ದರಿಂದ ಲೇಬಲ್‌ನ ಮೇಲೆ 'ಮಿ.ಲೀ.' ಎಂದು ಮುದ್ರಿಸುವುದು ಸರಿಯಲ್ಲ. 500 ಗ್ರಾಂ ಪೊಟ್ಟಣದಲ್ಲಿ 15 ಗ್ರಾಂ ಹಾಗೂ 250 ಗ್ರಾಂ ಪೊಟ್ಟಣದಲ್ಲಿ 9 ಗ್ರಾಂವರೆಗಿನ ಕೊರತೆಗೆ ರಿಯಾಯಿತಿ ಇದೆ. ಆದರೆ ಪರೀಕ್ಷೆಗೆ ತೆಗೆದುಕೊಂಡ ಪೊಟ್ಟಣಗಳ ಸರಾಸರಿ ತೂಕ ನಮೂದಿಸಿದ ತೂಕಕ್ಕಿಂತ ಕಡಿಮೆ ಇರಬಾರದು.

ಹಾಗಾದರೆ 1.4ರಿಂದ ಗುಣಿಸಿ ಅಳತೆಯ ಪಾತ್ರೆಯಿಂದಲೇ ತುಂಬಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಅಂದಾಜಿಗೆ ಅಡ್ಡಿಯಿಲ್ಲ: 500 ಗ್ರಾಂ ಜೇನಿಗೆ ಸುಮಾರು 357 ಮಿ.ಲೀ. ಸ್ಥಳ ಬೇಕು. ಆದರೆ ಜೇನಿನಲ್ಲಿ ತೇವಾಂಶ ಹೆಚ್ಚಿದಂತೆ ಲೀಟರಿನ ತೂಕ ಇಳಿಯುತ್ತದೆ. ಬಿಸಿ ಮಾಡಿದ ಜೇನು ಹಿಗ್ಗುತ್ತದೆ. ಗಾಳಿಯ ಗುಳ್ಳೆಗಳೂ ಜಾಗವನ್ನು ಆಕ್ರಮಿಸುತ್ತವೆ. ಕುತ್ತಿಗೆಯವರೆಗೆ ತುಂಬಿದ ಬಾಟಲಿಯೂ ತಣಿದ ಮೇಲೆ ತುಸು ಇಳಿದು ಕಾಣುತ್ತದೆ. ತಕ್ಕಡಿಯ ಮೇಲೆ ಮಾತ್ರ ಇವುಗಳ ಆಟ ನಡೆಯದು.

ಸದಸ್ಯ ಉದ್ದಿಮೆದಾರರು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳಿತು:

1. ಖರೀದಿ, ದಾಸ್ತಾನು, ಮಾರಾಟ ಮೂರನ್ನೂ ಕಿಲೋಗ್ರಾಂನಲ್ಲಿಯೇ ಬರೆಯಬೇಕು. ಬಾಟಲಿಗಳ ಸಂಖ್ಯೆಗೆ ಪ್ರತ್ಯೇಕ ಅಂಕಣವಿರಲಿ.

2. ಗಾಜಿನ ಬಾಟಲಿಗಳ ತೂಕ ಒಂದೇ ಸಮನಾಗಿರುವುದಿಲ್ಲ. ಖಾಲಿ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು, ಸೊನ್ನೆಗೆ ತಂದ ನಂತರವೇ ತುಂಬಿಸಬೇಕು.

3. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯನ್ನು ಅವಧಿ ಮೀರುವ ಮೊದಲೇ ಹಾಕಿಸಬೇಕು.

4. ಸೋಸುವಾಗ ಹಾಗೂ ಡಬ್ಬಕ್ಕೆ ಅಂಟಿ ಉಳಿಯುವ ಜೇನನ್ನು ಪ್ರತಿ ಸಲವೂ ತೂಗಿ ಬರೆದಿಟ್ಟರೆ, ನೈಜ ತೇಮಾನು ಎಷ್ಟೆಂಬುದು ತಿಳಿಯುತ್ತದೆ.

ಅಂದು ಆ ವ್ಯಾಪಾರಿ ಕೆಲಸಗಾರನನ್ನು ಕರೆದು, ನನ್ನ ಎದುರಿನಲ್ಲಿಯೇ ತಪ್ಪೊಪ್ಪಿಕೊಂಡರು. ಆತ ಇಂದಿಗೂ ಅಲ್ಲಿಯೇ ದುಡಿಯುತ್ತಿದ್ದಾನೆ. ಈಗ ಆತನ ಮುಂದೆ ಅಳತೆಯ ಪಾತ್ರೆಯ ಬದಲು ತಕ್ಕಡಿಯಿದೆ. ದಾಸ್ತಾನು ತಾಳೆಯಾಗದಿದ್ದಾಗ ಮನುಷ್ಯರನ್ನು ಶಂಕಿಸುವ ಮುನ್ನ ಮಾನವನ್ನು ಪರೀಕ್ಷಿಸುವುದು ಲೆಕ್ಕಿಗನಿಗೂ ಮಾಲೀಕನಿಗೂ ಸಮಾನವಾದ ಕರ್ತವ್ಯ.