ಎರೆಭೂಮಿಯಲ್ಲಿ ಓಡುವ ಜೀಪಿನ ಶಾಕ್ ಅಬ್ಸಾರ್ಬರ್ ಬದಲಿಸುವುದು ಯಾವಾಗ, ಹೇಗೆ?

ಜೀಪಿನ ಭಾರ ಹೊರುವುದು ಕಮಾನು ಪಟ್ಟಿ ಇಲ್ಲವೇ ಸ್ಪ್ರಿಂಗ್. ಅದರ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ತಳ್ಳುವಾಗ ಕುಲುಕಾಟದ ಶಕ್ತಿ ಶಾಖವಾಗಿ ಹೋಗುತ್ತದೆ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂಥ ಎರೆಸೀಮೆಯಲ್ಲಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಹೊಲದ ದಾರಿಗಳು ಏರುತಗ್ಗಾಗಿರುತ್ತವೆ. ಅಲ್ಲಿ ಬಿಡುವಿಲ್ಲದೆ ಓಡಿದರೆ ಎಣ್ಣೆ ಕಾದು ನೊರೆಯಾಗಿ ಹಿಡಿತ ತಪ್ಪುತ್ತದೆ. ದೂಳು ಸೀಲನ್ನು ಸವೆಸುತ್ತದೆ.

ಶಾಕ್ ಅಬ್ಸಾರ್ಬರ್‌ನ ಕೊಳವೆಯ ಮೇಲೆ ಎಣ್ಣೆ ಇಳಿದು, ಅದಕ್ಕೆ ದೂಳು ಮೆತ್ತಿ ಕಪ್ಪಗಾಗಿದ್ದರೆ ಬದಲಿಸಲು ಅದೇ ನಂಬಬಹುದಾದ ಗುರುತು. ಟೈರು ಅಲ್ಲಲ್ಲಿ ಗುಳಿಬಿದ್ದಂತೆ ಸವೆಯುವುದು, ಬ್ರೇಕ್ ಹಾಕಿದಾಗ ಮುಂಭಾಗ ತೀರಾ ಬಾಗುವುದು ಉಳಿದ ಲಕ್ಷಣಗಳು. ಬಾನೆಟ್ ಅದುಮಿ ನೋಡುವ ಪರೀಕ್ಷೆ ಗಡುಸು ಪಟ್ಟಿಯ ಜೀಪಿಗೆ ಅಷ್ಟು ಹೊಂದದು.

ಒಂದು ಆಕ್ಸಲ್‌ನ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಚಕ್ರಕ್ಕೆ ಕಲ್ಲು ಕೊಟ್ಟು, ಚಾಸಿಗೆ ಸ್ಟ್ಯಾಂಡ್ ಇಡಬೇಕು. ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ನುಸುಳುವುದು ಪ್ರಾಣಕ್ಕೇ ಅಪಾಯ. ಹಳೆಯದನ್ನು ಬಿಚ್ಚಿದಾಗ ಆಕ್ಸಲ್ ಜೋತುಬಿದ್ದು ಬ್ರೇಕ್ ಪೈಪನ್ನು ಎಳೆಯದಂತೆ ಅದಕ್ಕೂ ಆಸರೆ ಬೇಕು. ಶಾಕ್ ಅಬ್ಸಾರ್ಬರ್ ತುದಿಯ ರಬ್ಬರ್ ಬುಷ್‌ನ ನಟ್ಟುಗಳನ್ನು ಪೂರ್ತಿ ಬಿಗಿಯುವುದು ಗಾಡಿ ನೆಲಕ್ಕಿಳಿದು ಭಾರ ಚಕ್ರದ ಮೇಲೆ ಕೂತ ನಂತರವೇ. ಎತ್ತಿದ್ದಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಅವಸರದ ಕೆಲಸದಲ್ಲಿ ಹೆಚ್ಚಾಗಿ ಮರೆಯುವುದು ಇದನ್ನೇ.

ಹತ್ತಿ, ಮೆಣಸಿನಕಾಯಿ ಚೀಲ ಹೇರಿದಾಗ ಹಿಂಭಾಗ ಕುಸಿಯುವುದು ಬೇರೆಯೇ ದೋಷ. ಹೊಸ ಶಾಕ್ ಅಬ್ಸಾರ್ಬರ್ ಅದನ್ನು ಸರಿಪಡಿಸದು. ಕಮಾನು ಪಟ್ಟಿಯನ್ನೇ ಬಿಚ್ಚಿ ನೋಡಬೇಕು.