ಮಕ್ಕಳ ಬೆನ್ನುಹುರಿ ಗಡ್ಡೆ: ರಾತ್ರಿಯ ಬೆನ್ನುನೋವು ಕಡೆಗಣಿಸಬೇಡಿ

ಮಕ್ಕಳು ಬೆನ್ನುನೋವು ಎಂದಾಗ ಪಾಲಕರು ಸಾಮಾನ್ಯವಾಗಿ ಶಾಲಾ ಚೀಲದ ಭಾರವನ್ನೋ, ಆಟದಲ್ಲಾದ ಪೆಟ್ಟನ್ನೋ ದೂರುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಅದು ನಿಜವೂ ಹೌದು. ಆದರೆ ತೀರಾ ಅಪರೂಪಕ್ಕೆ, ಬೆನ್ನುಹುರಿಯ ಒಳಗೇ ಬೆಳೆಯುವ ಗಡ್ಡೆ ಈ ನೋವಿನ ಮೂಲವಾಗಿರುತ್ತದೆ. ರೋಗ ವಿರಳವಾದ ಕಾರಣಕ್ಕೇ ಅದರ ಪತ್ತೆ ತಿಂಗಳುಗಟ್ಟಲೆ ವಿಳಂಬವಾಗುವುದುಂಟು.

ಲಕ್ಷಣಗಳೇನು?

ಮಲಗಿದಾಗ ಹೆಚ್ಚಾಗಿ, ಮಗುವನ್ನು ನಿದ್ದೆಯಿಂದ ಎಬ್ಬಿಸುವ ನೋವು ಮುಖ್ಯ ಎಚ್ಚರಿಕೆ. ನಡಿಗೆಯಲ್ಲಿ ಬದಲಾವಣೆ, ಪದೇ ಪದೇ ಎಡವುವುದು, ಕೈಕಾಲುಗಳ ನಿಶ್ಶಕ್ತಿ, ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು, ಕುತ್ತಿಗೆ ಓರೆಯಾಗುವುದು ಇತರ ಲಕ್ಷಣಗಳು. ಮೂತ್ರದ ಮೇಲೆ ಹಿಡಿತವಿದ್ದ ಮಗು ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದರೂ ನಿರ್ಲಕ್ಷಿಸಬಾರದು.

ಪತ್ತೆ ಹೇಗೆ?

ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆಯೇ ಹೊರತು ಬೆನ್ನುಹುರಿಯನ್ನಲ್ಲ. ಹಾಗಾಗಿ ಎಕ್ಸ್‌ರೇ ಸಹಜವಾಗಿದ್ದ ಮಾತ್ರಕ್ಕೆ ಗಡ್ಡೆಯಿಲ್ಲ ಎನ್ನಲಾಗದು. ರಕ್ತನಾಳಕ್ಕೆ ಗ್ಯಾಡೋಲಿನಿಯಂ ದ್ರಾವಣ ನೀಡಿ ನಡೆಸುವ ಎಂಆರ್‌ಐ ಸ್ಕ್ಯಾನ್ ಗಡ್ಡೆಯ ಜಾಗ ಮತ್ತು ವ್ಯಾಪ್ತಿಯನ್ನು ತಿಳಿಸುತ್ತದೆ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವೂ ಇಂಥದೇ ಲಕ್ಷಣ ತೋರಬಲ್ಲದಾದ್ದರಿಂದ ಈ ಪರೀಕ್ಷೆಗೆ ಹೆಚ್ಚಿನ ಮಹತ್ವವಿದೆ.

ಗಡ್ಡೆಯ ಸ್ವರೂಪ ಖಚಿತವಾಗುವುದು ಅಂಗಾಂಶ ಪರೀಕ್ಷೆಯಿಂದ. ಹುರಿಯೊಳಗಿನ ಗಡ್ಡೆಗಳ ಪೈಕಿ ಮಕ್ಕಳಲ್ಲಿ ಆಸ್ಟ್ರೊಸೈಟೋಮಾ, ವಯಸ್ಕರಲ್ಲಿ ಎಪೆಂಡೈಮೋಮಾ ಹೆಚ್ಚು. ಮಕ್ಕಳಲ್ಲಿ ಕಾಣುವ ಬಹುಪಾಲು ಗಡ್ಡೆಗಳು ನಿಧಾನವಾಗಿ ಬೆಳೆಯುವಂಥವು ಎಂಬುದು ಸಮಾಧಾನದ ಸಂಗತಿ.

ಚಿಕಿತ್ಸೆ

ಹಿಂದೆ ಗಡ್ಡೆಯ ಚೂರನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ನೀಡುವ ರೂಢಿಯಿತ್ತು. 1980ರ ದಶಕದಲ್ಲಿ ನ್ಯೂಯಾರ್ಕಿನ ನರಶಸ್ತ್ರಚಿಕಿತ್ಸಕ ಫ್ರೆಡ್ ಎಪ್‌ಸ್ಟೀನ್ ಸಾಧ್ಯವಾದಷ್ಟೂ ಗಡ್ಡೆಯನ್ನು ತೆಗೆಯಬಹುದೆಂದು ತೋರಿಸಿಕೊಟ್ಟರು. ಇಂದು ಸೂಕ್ಷ್ಮದರ್ಶಕ ಹಾಗೂ ಗಡ್ಡೆಯನ್ನು ಪುಡಿಮಾಡಿ ಹೀರುವ ಅಲ್ಟ್ರಾಸಾನಿಕ್ ಉಪಕರಣ ಬಳಕೆಯಲ್ಲಿವೆ. ಶಸ್ತ್ರಕ್ರಿಯೆಯ ಉದ್ದಕ್ಕೂ ನರಗಳ ವಿದ್ಯುತ್ ಸಂಕೇತಗಳ ಮೇಲೆ ನಿಗಾ ಇಡಲಾಗುತ್ತದೆ. ಸಂಕೇತ ಕ್ಷೀಣಿಸಿದರೆ ವೈದ್ಯರು ಕೈ ತಡೆಯುತ್ತಾರೆ.

ವಿಕಿರಣವು ಬೆಳೆಯುವ ಬೆನ್ನುಮೂಳೆಗೆ ಹಾನಿ ಮಾಡಬಲ್ಲುದು. ಆದ್ದರಿಂದ ಚಿಕ್ಕ ಮಕ್ಕಳಲ್ಲಿ ಅದನ್ನು ಆದಷ್ಟೂ ಮುಂದೂಡಿ, ಅಗತ್ಯವಿದ್ದರೆ ಕೀಮೋಥೆರಪಿ ನೀಡಲಾಗುತ್ತದೆ. ವೇಗವಾಗಿ ಬೆಳೆಯುವ ಗಡ್ಡೆಗಳಿಗೆ ಮಾತ್ರ ವಿಕಿರಣ ಸಾಮಾನ್ಯವಾಗಿ ಅನಿವಾರ್ಯ.

ಗಡ್ಡೆಯ ವಂಶವಾಹಿ ಪರೀಕ್ಷೆ ಹೊಸ ದಾರಿ ತೆರೆದಿದೆ. ಬಿಆರ್‌ಎಎಫ್ ವಂಶವಾಹಿಯ ಒಂದು ನಿರ್ದಿಷ್ಟ ದೋಷವಿರುವ, ನಿಧಾನಗತಿಯ ಗ್ಲಿಯೋಮಾ ಗಡ್ಡೆಗಳ ಮಕ್ಕಳಿಗೆ ಡಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಜೋಡಿ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಒಪ್ಪಿಗೆ ನೀಡಿತು. ಆಸ್ಟ್ರೊಸೈಟೋಮಾ ಇದೇ ಗುಂಪಿಗೆ ಸೇರಿದ್ದು.

ವಿಳಂಬವೇ ಅಪಾಯ

ಶಸ್ತ್ರಚಿಕಿತ್ಸೆಯ ಫಲಿತಾಂಶವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದಕ್ಕೆ ಮುನ್ನ ರೋಗಿ ಇದ್ದ ಸ್ಥಿತಿ. ನಡೆದುಕೊಂಡು ಆಸ್ಪತ್ರೆಗೆ ಬಂದ ಮಗು ನಡೆದೇ ಮನೆಗೆ ಮರಳುವ ಸಾಧ್ಯತೆ ಹೆಚ್ಚು. ಕಳೆದುಹೋದ ಶಕ್ತಿ ಪೂರ್ತಿಯಾಗಿ ಮರಳುವುದು ಕಷ್ಟ. ಗಡ್ಡೆ ಮರುಕಳಿಸುವ ಹಾಗೂ ಬೆನ್ನುಮೂಳೆ ಬಾಗುವ ಸಂಭವ ಇರುವುದರಿಂದ ಚಿಕಿತ್ಸೆಯ ನಂತರವೂ ಹಲವು ವರ್ಷ ತಪಾಸಣೆ ಮುಂದುವರಿಯಬೇಕು.