ವರ್ಚುವಲ್ ಟೇಬಲ್‌ಟಾಪ್

ವರ್ಚುವಲ್ ಟೇಬಲ್‌ಟಾಪ್ ಎಂಬುದು ಬೇರೆ ಬೇರೆ ಸ್ಥಳಗಳಲ್ಲಿರುವ ಆಟಗಾರರು ಅಂತರಜಾಲದ ಮೂಲಕ ಒಟ್ಟುಗೂಡಿ ಪಾತ್ರಾಭಿನಯ ಆಟಗಳನ್ನು ಆಡಲು ನೆರವಾಗುವ ತಂತ್ರಾಂಶ. ಒಂದೇ ಮೇಜಿನ ಸುತ್ತ ಕುಳಿತವರ ಮುಂದಿರುವ ನಕ್ಷೆ, ಕಾಯಿ, ದಾಳ ಮತ್ತು ಪಾತ್ರಗಳ ವಿವರಹಾಳೆಗಳನ್ನು ಇದು ಎಲ್ಲರ ಪರದೆಯ ಮೇಲೂ ಏಕಕಾಲದಲ್ಲಿ ಒದಗಿಸುತ್ತದೆ. ವಿಡಿಯೋ ಗೇಮ್‌ಗಳಲ್ಲಿ ಕಥೆಯ ಸಾಧ್ಯತೆಗಳನ್ನು ತಂತ್ರಾಂಶವೇ ಮೊದಲು ನಿರ್ಧರಿಸಿರುತ್ತದೆ. ಇಲ್ಲಿ ಕಥೆಯನ್ನು ನಡೆಸುವವರೂ ನಿಯಮಗಳನ್ನು ಅನ್ವಯಿಸುವವರೂ ಮನುಷ್ಯರೇ. ಆಟದ ಎಷ್ಟು ಕೆಲಸವನ್ನು ತಂತ್ರಾಂಶ ವಹಿಸಿಕೊಳ್ಳಬೇಕು, ಎಷ್ಟನ್ನು ಆಟಗಾರರ ಕಲ್ಪನೆಗೆ ಬಿಡಬೇಕು ಎಂಬ ಪ್ರಶ್ನೆ ಈ ಸಾಧನಗಳ ವಿನ್ಯಾಸದಲ್ಲಿ ಮುಖ್ಯವಾದುದು. 2023ರಲ್ಲಿ ಅದು ಪರವಾನಗಿಯ ವಿವಾದಕ್ಕೂ ಎಡೆಮಾಡಿತು.

ಹಿನ್ನೆಲೆ

ಪಾತ್ರಾಭಿನಯ ಆಟದಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದು ಕಾಲ್ಪನಿಕ ಪಾತ್ರವನ್ನು ವಹಿಸಿಕೊಂಡು, ಆ ಪಾತ್ರ ಏನು ಮಾಡುತ್ತದೆಂದು ಮಾತಿನಲ್ಲಿ ಹೇಳುತ್ತಾನೆ. ಗೇಮ್ ಮಾಸ್ಟರ್ ಎಂದು ಕರೆಯಲಾಗುವ ನಿರ್ವಾಹಕನು ಸನ್ನಿವೇಶವನ್ನು ವರ್ಣಿಸಿ, ಪಾತ್ರಗಳ ಪ್ರಯತ್ನಗಳ ಫಲವನ್ನು ತಿಳಿಸುತ್ತಾನೆ. ಫಲ ಅನಿಶ್ಚಿತವಾಗಿರುವಲ್ಲಿ ದಾಳ ಉರುಳಿಸಲಾಗುತ್ತದೆ. ಪಗಡೆ, ಚೌಕಾಬಾರಗಳಂತೆ ಇಲ್ಲಿಯೂ ಕಾಯಿ ಮತ್ತು ದಾಳಗಳ ಬಳಕೆಯಿದ್ದರೂ ಸಾಮಾನ್ಯವಾಗಿ ಒಬ್ಬರು ಗೆದ್ದು ಉಳಿದವರು ಸೋಲುವ ಕ್ರಮವಿಲ್ಲ. ಒಂದೇ ಕಥೆ ಹಲವು ವಾರ, ಕೆಲವೊಮ್ಮೆ ಹಲವು ವರ್ಷ ಮುಂದುವರಿಯುವುದುಂಟು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಪ್ರಕಾರದ ಮೊದಲ ವಾಣಿಜ್ಯ ಆಟವೆಂದು ಪರಿಗಣಿತವಾಗಿದೆ.

ಇಂತಹ ದೀರ್ಘ ಕಥೆಗೆ ಅದೇ ಆಟಗಾರರು ಮತ್ತೆ ಮತ್ತೆ ಸೇರುವುದು ಅಗತ್ಯ. ವ್ಯಾಸಂಗ, ಉದ್ಯೋಗ ಅಥವಾ ಮದುವೆಯ ಕಾರಣದಿಂದ ಒಬ್ಬರು ಊರು ಬಿಟ್ಟರೂ ಆಟ ಅರ್ಧಕ್ಕೇ ನಿಂತುಬಿಡಬಹುದು. ದೂರದಿಂದ ಆಡುವ ಸಾಧನಗಳಿಗೆ ಬೇಡಿಕೆ ಹುಟ್ಟಿದ್ದು ಮುಖ್ಯವಾಗಿ ಈ ಕಾರಣದಿಂದ.

ಇತಿಹಾಸ

ದೂರದಿಂದ ಆಡುವ ರೂಢಿ ಅಂತರಜಾಲಕ್ಕಿಂತ ಹಳೆಯದು. ಅಂಚೆಯ ಮೂಲಕ ಚದುರಂಗದ ನಡೆಗಳನ್ನು ಬರೆದು ಕಳುಹಿಸುವ ಪದ್ಧತಿ ಬಹುಕಾಲದಿಂದ ಇತ್ತು. 1970ರಲ್ಲಿ ರಿಕ್ ಲೂಮಿಸ್ ಅಂಚೆಯ ಮೂಲಕ ಹಲವರು ಆಡುವ 'ನ್ಯೂಕ್ಲಿಯರ್ ಡಿಸ್ಟ್ರಕ್ಷನ್' ಎಂಬ ಯುದ್ಧದ ಆಟವನ್ನು ಆರಂಭಿಸಿದರು. ಅಂತರಜಾಲ ಹರಡಿದ ಮೇಲೆ ಪಾತ್ರಾಭಿನಯ ಆಟಗಳು ಇ-ಮೇಲ್ ಮತ್ತು ಪಠ್ಯ ಸಂಭಾಷಣೆಯ ಮೂಲಕ ನಡೆಯತೊಡಗಿದವು. ಇವುಗಳಲ್ಲಿ ಮಾತಿಗೆ ಅವಕಾಶವಿದ್ದರೂ ಎಲ್ಲರೂ ಒಟ್ಟಿಗೆ ನೋಡಬಹುದಾದ ನಕ್ಷೆ ಇರಲಿಲ್ಲ.

ಆ ಕೊರತೆಯನ್ನು ತುಂಬಿದ ವಾಣಿಜ್ಯ ತಂತ್ರಾಂಶಗಳಲ್ಲಿ 2004ರಲ್ಲಿ ಬಿಡುಗಡೆಯಾದ 'ಫ್ಯಾಂಟಸಿ ಗ್ರೌಂಡ್ಸ್' ಪ್ರಮುಖವಾದುದು. 'ಮ್ಯಾಪ್‌ಟೂಲ್' ಎಂಬ ಮುಕ್ತ ಆಕರ ತಂತ್ರಾಂಶವನ್ನು ಹವ್ಯಾಸಿಗಳು ಬೆಳೆಸಿದರು. ಇವುಗಳನ್ನು ಪ್ರತಿಯೊಬ್ಬ ಆಟಗಾರನೂ ತನ್ನ ಗಣಕದಲ್ಲಿ ಅನುಸ್ಥಾಪಿಸಿಕೊಳ್ಳಬೇಕಿತ್ತು. 2012ರಲ್ಲಿ ಸಾರ್ವಜನಿಕರಿಂದ ಹಣ ಸಂಗ್ರಹಿಸಿ ಆರಂಭವಾದ 'ರೋಲ್20' ಬ್ರೌಸರ್‌ನಲ್ಲಿಯೇ ನಡೆಯುತ್ತಿದ್ದುದರಿಂದ ಕೊಂಡಿಯೊಂದನ್ನು ಕಳುಹಿಸಿ ಸ್ನೇಹಿತರನ್ನು ಆಟಕ್ಕೆ ಕರೆಯುವುದು ಸಾಧ್ಯವಾಯಿತು. ಕಾಲೇಜಿನಲ್ಲಿ ಜೊತೆಗಿದ್ದು ನಂತರ ಬೇರೆ ಬೇರೆ ಊರು ಸೇರಿದ ಗೆಳೆಯರೇ ಇದನ್ನು ರೂಪಿಸಿದ್ದರು.

2020ರಲ್ಲಿ ಕೋವಿಡ್-19 ಸಾಂಕ್ರಾಮಿಕದಿಂದಾಗಿ ಮುಖಾಮುಖಿ ಆಟ ನಿಂತಾಗ ಈ ತಂತ್ರಾಂಶಗಳ ಬಳಕೆ ತೀವ್ರವಾಗಿ ಏರಿತು. ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಪ್ರತಿವರ್ಷ ಸೇರುವ 'ಜೆನ್ ಕಾನ್' ಆಟಗಳ ಮೇಳ ಆ ವರ್ಷ ಅಂತರಜಾಲದಲ್ಲಿ ನಡೆಯಿತು. 'ಫೌಂಡ್ರಿ' ಎಂಬ ತಂತ್ರಾಂಶದ ಪೂರ್ಣ ಆವೃತ್ತಿ ಬಿಡುಗಡೆಯಾದುದೂ ಅದೇ ವರ್ಷದ ಮೇ ತಿಂಗಳಿನಲ್ಲಿ.

ಕಾರ್ಯವಿಧಾನ

ನಕ್ಷೆ ಮತ್ತು ಕಾಯಿಗಳು: ನಕ್ಷೆಯನ್ನು ಸಾಮಾನ್ಯವಾಗಿ ಚೌಕ ಅಥವಾ ಷಟ್ಕೋನದ ಮನೆಗಳಾಗಿ ವಿಭಾಗಿಸಲಾಗುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಒಂದು ಚೌಕ 5 ಅಡಿಗೆ ಸಮ. 30 ಅಡಿ ಚಲಿಸಬಲ್ಲ ಪಾತ್ರ 6 ಮನೆ ಸಾಗಬಹುದು. ನಕ್ಷೆ ಹಲವು ಪದರಗಳಲ್ಲಿರುತ್ತದೆ. ಕೆಳಗಿನದರಲ್ಲಿ ಹಿನ್ನೆಲೆಯ ಚಿತ್ರ, ಅದರ ಮೇಲಿನದರಲ್ಲಿ ಕಾಯಿಗಳು, ಮತ್ತೊಂದರಲ್ಲಿ ಗೇಮ್ ಮಾಸ್ಟರ್‌ಗೆ ಮಾತ್ರ ಕಾಣುವ ಬಲೆಗಳು ಹಾಗೂ ಅಡಗಿರುವ ಶತ್ರುಗಳು ಇರುತ್ತವೆ.

ದೃಷ್ಟಿ ಮತ್ತು ಬೆಳಕು: ಪಾತ್ರಗಳು ಇನ್ನೂ ಕಾಣದ ಪ್ರದೇಶವನ್ನು ಕತ್ತಲೆಯಿಂದ ಮುಚ್ಚಿಡಬಹುದು. ಹಲವು ತಂತ್ರಾಂಶಗಳು ಗೋಡೆ ಮತ್ತು ಬಾಗಿಲುಗಳನ್ನು ಗುರುತಿಸಿಕೊಂಡು ಯಾವ ಪಾತ್ರಕ್ಕೆ ಎಷ್ಟು ಕಾಣುತ್ತದೆಂದು ಲೆಕ್ಕ ಹಾಕುತ್ತವೆ. ಮೇಲೆ ಹೇಳಿದ ಆಟದ ನಿಯಮದಂತೆ ದೀವಟಿಗೆಯೊಂದು 20 ಅಡಿಯವರೆಗೆ ಪೂರ್ಣ ಬೆಳಕನ್ನೂ ಅದರಾಚೆ ಮತ್ತೆ 20 ಅಡಿ ಮಬ್ಬು ಬೆಳಕನ್ನೂ ನೀಡುತ್ತದೆ. ಪಾತ್ರ ಮುಂದೆ ನಡೆದಂತೆ ಪರದೆಯ ಮೇಲೆ ಅಷ್ಟೇ ಭಾಗ ತೆರೆದುಕೊಳ್ಳುತ್ತದೆ. ಒಬ್ಬ ಆಟಗಾರನಿಗೆ ಕಂಡದ್ದು ಮತ್ತೊಬ್ಬನಿಗೆ ಕಾಣದಿರುವ ಸ್ಥಿತಿಯನ್ನು ನಿಜವಾದ ಮೇಜಿನ ಮೇಲೆ ಏರ್ಪಡಿಸುವುದು ಕಷ್ಟ.

ದಾಳ: '2ಡಿ6+3' ಎಂಬ ಬರಹಕ್ಕೆ ಆರು ಮುಖದ ಎರಡು ದಾಳಗಳನ್ನು ಉರುಳಿಸಿ ಮೊತ್ತಕ್ಕೆ 3 ಕೂಡಿಸುವುದು ಎಂದರ್ಥ. ಇದನ್ನು ಸಂಭಾಷಣೆಯ ಪೆಟ್ಟಿಗೆಯಲ್ಲಿ ಸೂಕ್ತ ಆದೇಶದೊಂದಿಗೆ ಬರೆದರೆ ಫಲ ಎಲ್ಲರಿಗೂ ಕಾಣುತ್ತದೆ. ಯಾದೃಚ್ಛಿಕ ಸಂಖ್ಯೆಯನ್ನು ತಂತ್ರಾಂಶವೇ ಉತ್ಪಾದಿಸುವುದರಿಂದ ಬಿದ್ದ ಗರವನ್ನು ಮರೆಮಾಚಿ ಬೇರೊಂದನ್ನು ಹೇಳುವ ಸಂದೇಹಕ್ಕೆ ಅವಕಾಶವಿಲ್ಲ. ಗೇಮ್ ಮಾಸ್ಟರ್ ಗುಟ್ಟಾಗಿ ದಾಳ ಉರುಳಿಸುವ ವ್ಯವಸ್ಥೆಯೂ ಇರುತ್ತದೆ.

ಮಾತುಕತೆ: ಧ್ವನಿ ಮತ್ತು ದೃಶ್ಯಕ್ಕಾಗಿ ಅನೇಕ ತಂಡಗಳು ಡಿಸ್ಕಾರ್ಡ್‌ನಂತಹ ಪ್ರತ್ಯೇಕ ಸೇವೆಯನ್ನು ಬಳಸುತ್ತವೆ. ನಕ್ಷೆಯನ್ನೇ ಬಳಸದೆ, ಕೇವಲ ಮಾತು ಮತ್ತು ದಾಳದಿಂದ ಆಟ ನಡೆಸುವ ತಂಡಗಳೂ ಇವೆ.

ಸರ್ವರ್ ವ್ಯವಸ್ಥೆ

ರೋಲ್20ರಂತಹ ಸೇವೆಗಳಲ್ಲಿ ಆಟದ ದತ್ತಾಂಶವೆಲ್ಲ ಸಂಸ್ಥೆಯ ಸರ್ವರ್‌ನಲ್ಲಿರುತ್ತದೆ. ಫೌಂಡ್ರಿಯಲ್ಲಿ ಗೇಮ್ ಮಾಸ್ಟರ್ ಮಾತ್ರ ಒಮ್ಮೆ ಪರವಾನಗಿ ಖರೀದಿಸಿ ತನ್ನ ಗಣಕವನ್ನೇ ಸರ್ವರ್ ಆಗಿ ಬಳಸಬಹುದು. ಉಳಿದವರು ಬ್ರೌಸರ್‌ನಿಂದ ಸೇರುತ್ತಾರೆ. ಮೊದಲನೆಯದು ಸುಲಭ, ಆದರೆ ಸಂಸ್ಥೆಯ ಮೇಲಿನ ಅವಲಂಬನೆ ಹೆಚ್ಚು. ಎರಡನೆಯದರಲ್ಲಿ ದತ್ತಾಂಶ ಬಳಕೆದಾರನ ಕೈಯಲ್ಲಿಯೇ ಇದ್ದರೂ ಮನೆಯ ರೂಟರ್‌ನ ಸಂಯೋಜನೆ ಬದಲಿಸುವಂತಹ ತಾಂತ್ರಿಕ ಕೆಲಸ ಬೇಕಾಗಬಹುದು. ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವ ಸಂಪರ್ಕಗಳಲ್ಲಿ ಇದು ಕೈಗೂಡದೆ ಬಾಡಿಗೆಯ ಸರ್ವರ್ ಪಡೆಯಬೇಕಾಗುತ್ತದೆ.

ಪರವಾನಗಿ ವಿವಾದ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳನ್ನು ಇತರರು ಬಳಸಲು ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 2000ದಲ್ಲಿ 'ಓಪನ್ ಗೇಮ್ ಲೈಸೆನ್ಸ್' ಎಂಬ ಪರವಾನಗಿಯನ್ನು ಜಾರಿಗೆ ತಂದಿತ್ತು. ಅದನ್ನು ಬದಲಿಸುವ ಕರಡು 2023ರ ಜನವರಿಯಲ್ಲಿ ಸೋರಿಕೆಯಾಗಿ ವ್ಯಾಪಕ ವಿರೋಧ ಎದುರಾಯಿತು. ಅದೇ ತಿಂಗಳು ಪ್ರಕಟವಾದ ಪರಿಷ್ಕೃತ ಕರಡಿನೊಂದಿಗೆ ವರ್ಚುವಲ್ ಟೇಬಲ್‌ಟಾಪ್‌ಗಳಿಗೆಂದೇ ಒಂದು ನೀತಿಯನ್ನು ಸೇರಿಸಲಾಗಿತ್ತು. ಮೇಜಿನ ಸುತ್ತ ಕುಳಿತು ಆಡುವ ಅನುಭವವನ್ನು ಅನುಕರಿಸುವುದಕ್ಕೆ ಅದು ಒಪ್ಪಿಗೆ ನೀಡುತ್ತಿತ್ತು. ಆದರೆ ಮಂತ್ರಾಸ್ತ್ರವೊಂದು ಹಾರಿ ಗುರಿಗೆ ತಗಲುವುದನ್ನು ಚಲಿಸುವ ಚಿತ್ರವಾಗಿ ತೋರಿಸಿದರೆ ಅದು ಮೇಜಿನ ಆಟವೆನಿಸದು ಎಂಬ ನಿಲುವು ತಳೆದಿತ್ತು. ಇಂತಹ ಚಿತ್ರಗಳು ಅದಾಗಲೇ ಹಲವು ತಂತ್ರಾಂಶಗಳಲ್ಲಿ ಬಳಕೆಯಲ್ಲಿದ್ದವು. ಸಂಸ್ಥೆಯು ತನ್ನದೇ ಮೂರು ಆಯಾಮದ ಡಿಜಿಟಲ್ ಮೇಜನ್ನು ಸಿದ್ಧಪಡಿಸುತ್ತಿದ್ದುದರಿಂದ ಈ ನೀತಿ ಸ್ಪರ್ಧಿಗಳನ್ನು ಹತ್ತಿಕ್ಕುತ್ತದೆ ಎಂಬ ಟೀಕೆಗೆ ಬಲ ಬಂದಿತು.

ವಿರೋಧಕ್ಕೆ ಮಣಿದ ಸಂಸ್ಥೆ 2023ರ ಜನವರಿ 27ರಂದು ಹಳೆಯ ಪರವಾನಗಿಯನ್ನು ಉಳಿಸಿಕೊಳ್ಳುವುದಾಗಿ ಘೋಷಿಸಿ, ಐದನೆಯ ಆವೃತ್ತಿಯ ಮೂಲ ನಿಯಮಗಳ ದಸ್ತಾವೇಜನ್ನು ಹಿಂಪಡೆಯಲಾಗದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಸಂಸ್ಥೆಯ ಸ್ವಂತ ಸಾಧನ 'ಸಿಜಿಲ್' 2025ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತಾದರೂ ಮರುತಿಂಗಳೇ ಅದರ ತಂಡದ ಬಹುಪಾಲು ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಯಿತು.

ಅನುಕೂಲಗಳು ಮತ್ತು ಮಿತಿಗಳು

ಸಮೀಪದಲ್ಲಿ ಜೊತೆಗಾರರಿಲ್ಲದವರು, ಪ್ರಯಾಣ ಕಷ್ಟವಾಗಿರುವ ಅಂಗವಿಕಲರು ಮತ್ತು ಚಿಕ್ಕ ಮಕ್ಕಳಿರುವ ಪೋಷಕರು ಮನೆಯಿಂದಲೇ ಆಟದಲ್ಲಿ ಪಾಲ್ಗೊಳ್ಳಲು ಈ ವ್ಯವಸ್ಥೆ ಅನುಕೂಲ ಕಲ್ಪಿಸಿದೆ. ಆದರೆ ನಕ್ಷೆಯನ್ನೇ ಆಧರಿಸಿದ ವಿನ್ಯಾಸ ದೃಷ್ಟಿದೋಷವುಳ್ಳವರಿಗೆ ಅಡ್ಡಿಯಾಗಬಹುದು. ಧ್ವನಿ ತಡವಾಗಿ ತಲುಪುವುದರಿಂದ ಇಬ್ಬರು ಒಟ್ಟಿಗೆ ಮಾತನಾಡಿ ಇಬ್ಬರದೂ ಕೇಳಿಸದೆ ಹೋಗುವುದು ಸಾಮಾನ್ಯ. ಗೋಡೆ, ಬೆಳಕು, ಕಾಯಿಗಳನ್ನು ಮುಂಚಿತವಾಗಿ ಜೋಡಿಸಬೇಕಾದ್ದರಿಂದ ಗೇಮ್ ಮಾಸ್ಟರ್‌ನ ಸಿದ್ಧತೆಯ ಹೊರೆ ಹೆಚ್ಚುತ್ತದೆ. ಆಟಗಾರರು ನಕ್ಷೆಯಿಲ್ಲದ ಕಡೆಗೆ ಕಥೆಯನ್ನು ಒಯ್ದಾಗ ಆ ಸಿದ್ಧತೆ ಉಪಯೋಗಕ್ಕೆ ಬಾರದೆ ಉಳಿಯಬಹುದು.

ಒಂದು ವೇದಿಕೆಯಲ್ಲಿ ಹಣ ಕೊಟ್ಟು ಪಡೆದ ನಿಯಮಪುಸ್ತಕವನ್ನು ಇನ್ನೊಂದರಲ್ಲಿ ಬಳಸಲು ಅನೇಕ ವೇಳೆ ಸಾಧ್ಯವಿಲ್ಲ. ಸೇವೆಯೊಂದು ಮುಚ್ಚಿದರೆ ಅದನ್ನು ನಂಬಿದ ಬಳಗವೂ ಚದುರುತ್ತದೆ. 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್ ಸಾಮಾನ್ಯ ಬಳಕೆದಾರರಿಗೆ ನಿಂತುಹೋದಾಗ ಅಲ್ಲಿ ಬೆಳೆದಿದ್ದ ಪಾತ್ರಾಭಿನಯ ಆಟಗಾರರ ಗುಂಪುಗಳು ಬೇರೆ ಬೇರೆ ತಾಣಗಳಿಗೆ ಹಂಚಿಹೋದವು. ಈ ಕಾರಣದಿಂದ ದೀರ್ಘಕಾಲ ನಡೆಯುವ ಆಟಗಳ ಪಾತ್ರವಿವರ, ನಕ್ಷೆ ಮತ್ತು ಟಿಪ್ಪಣಿಗಳ ಪ್ರತಿಯನ್ನು ಸ್ವಂತ ಗಣಕದಲ್ಲಿಯೂ ಉಳಿಸಿಕೊಳ್ಳುವುದು ರೂಢಿಯಲ್ಲಿದೆ.